ಡೇಟಾ ನಕಲಿಸದೆ ಎಕ್ಸ್ಟ್3 ಅನ್ನು ಎಕ್ಸ್ಟ್4 ಮಾಡಿದ ಬಗೆ

ಎಕ್ಸ್ಟ್3, ಎಕ್ಸ್ಟ್4 ಎಂದರೆ ಲಿನಕ್ಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಹಳೆಯ ಮತ್ತು ಹೊಸ ಫೈಲ್ ಸಿಸ್ಟಮ್‌ಗಳು. ಹಳೆಯದರಿಂದ ಹೊಸದಕ್ಕೆ ಹೋಗಲು ಹೊಸ ಡಿಸ್ಕ್ ತಂದು ಎಲ್ಲವನ್ನೂ ನಕಲಿಸುವುದೇ ದಾರಿ ಎಂದರು. 1 ಟಿಬಿಯ ನಾಲ್ಕೈದು ಡಿಸ್ಕ್ ಅಂದರೆ ಸಾಕಷ್ಟು ದುಡ್ಡು. ಅದರಲ್ಲಿ ಒಂದು ಪೈಸೆಯೂ ಖರ್ಚಾಗಲಿಲ್ಲ. ಇದ್ದ ಡಿಸ್ಕಲ್ಲೇ ಎಕ್ಸ್ಟ್4 ಆಯಿತು. ಕೊನೆಯ ಹೆಜ್ಜೆಯವರೆಗೂ ಹಳೆ ಯಂತ್ರದ 2.6.32 ಕರ್ನಲ್ಲಿನ (ಲಿನಕ್ಸ್‌ನ ತಿರುಳಿನ) ಎಕ್ಸ್ಟ್4 ಅರಿಯದ ಡ್ರೈವರ್ ಅದನ್ನು ಓದುತ್ತಲೇ ಇತ್ತು.

ಎಲ್ಲ ಇರುವುದು ಫ್ಲ್ಯಾಗ್‌ಗಳ, ಅಂದರೆ ಡಿಸ್ಕಿನಲ್ಲಿ ಯಾವ ಸೌಲಭ್ಯವಿದೆ ಎಂದು ಹೇಳುವ ಗುರುತುಗಳ, ಸರದಿಯಲ್ಲಿ. ತನಗೆ ಗೊತ್ತಿಲ್ಲದ ಇನ್‌ಕಂಪ್ಯಾಟ್ ಬಗೆಯ ಫ್ಲ್ಯಾಗ್ ಕಂಡರೆ ಹಳೆ ಕರ್ನಲ್ ಡಿಸ್ಕನ್ನು ಮೌಂಟ್ ಮಾಡುವುದೇ (ತೆರೆಯುವುದೇ) ಇಲ್ಲ. ಆರ್‌ಒ-ಕಂಪ್ಯಾಟ್ ಆದರೆ ಓದಲು ಮಾತ್ರ ಬಿಡುತ್ತದೆ. ಎಲ್ಲರೂ ಎಕ್ಸ್‌ಟೆಂಟ್ಸ್ (ಫೈಲಿನ ಸಾಲು ಬ್ಲಾಕುಗಳನ್ನು ಒಟ್ಟಿಗೆ ಗುರುತಿಸುವ ಎಕ್ಸ್ಟ್4ರ ಬಗೆ) ಮೊದಲು ಹಾಕುತ್ತಾರೆ. ಅದು ಇನ್‌ಕಂಪ್ಯಾಟ್, ಹಾಕಿದ ಮೇಲೆ ಫ್ಲ್ಯಾಗ್ ಬದಲಿಸುವ ಟ್ಯೂನ್2ಎಫ್‌ಎಸ್ ಅದನ್ನು ತೆಗೆಯಲು ಒಪ್ಪುವುದಿಲ್ಲ. ನಾನು ಅದನ್ನು ಕೊನೆಗಿಟ್ಟೆ.

ಮೊದಲ ಕೆಲಸ, ಒಂದೊಂದು ಫೈಲಿನ ವಿವರವಿರುವ ಐನೋಡನ್ನು 128 ಬೈಟ್‌ನಿಂದ 256ಕ್ಕೆ ಏರಿಸುವುದು. 128ರಲ್ಲಿ ತಾರೀಖು 2038ಕ್ಕೇ ನಿಲ್ಲುತ್ತದೆ. ಬ್ಲಾಕ್ ಗುಂಪುಗಳನ್ನು ಒಟ್ಟುಗೂಡಿಸುವ ಫ್ಲೆಕ್ಸ್-ಬಿಜಿ ಫ್ಲ್ಯಾಗ್ ಮೊದಲೇ ಹಾಕಿದ್ದರೆ ಈ ಹೆಜ್ಜೆ ನಡೆಯುವುದಿಲ್ಲ. 16 ಕೆಬಿಗೊಂದರಂತೆ 1 ಟಿಬಿಗೆ ಆರು ಕೋಟಿ ಚಿಲ್ಲರೆ ಐನೋಡ್. ಟೇಬಲ್ 8 ಜಿಬಿಯಿಂದ 16 ಜಿಬಿಗೆ ಹಿಗ್ಗುತ್ತದೆ, ಅಡ್ಡಬಂದ ಡೇಟಾ ಬ್ಲಾಕುಗಳೆಲ್ಲ ಜಾಗ ಬದಲಿಸಬೇಕು. ಒಂದಿಡೀ ರಾತ್ರಿ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಅರ್ಧ ಹಳೆಯದು ಅರ್ಧ ಹೊಸದಾಗಿ ನಿಲ್ಲುತ್ತದೆ, ಹಾಗಾಗಿ ಯುಪಿಎಸ್ ಬೇಕೇ ಬೇಕು. ಟ್ಯೂನ್2ಎಫ್‌ಎಸ್‌ಗೆ ‘-ಝಡ್’ ಕೊಟ್ಟು, ಹಿಂದಿನ ಸ್ಥಿತಿಗೆ ಮರಳಿಸುವ ಅನ್‌ಡೂ ಫೈಲನ್ನು ಬೇರೆ ಡಿಸ್ಕಿನಲ್ಲಿ ಬರೆಸಿ, ಅದಕ್ಕೆ ಧಾರಾಳವಾಗಿ ಜಾಗ ಬಿಡಿ. ಬೂಟ್ ಪಾರ್ಟಿಷನ್ ಮುಟ್ಟಬೇಡಿ: ಕರ್ನಲ್ ಎಬ್ಬಿಸುವ ಗ್ರಬ್‌ನ ಪ್ಯಾಚ್ ಮಾಡದ 0.97ಕ್ಕೆ 256 ಬೈಟಿನ ಐನೋಡ್ ಓದಲು ಬರುವುದಿಲ್ಲ.

ಆಮೇಲೆ ಮೆಟಾಡೇಟಾ ಚೆಕ್‌ಸಮ್, ಅಂದರೆ ಫೈಲ್ ಸಿಸ್ಟಮ್‌ನ ಸ್ವಂತ ದಾಖಲೆ ಕೆಟ್ಟಿದೆಯೇ ಎಂದು ತಿಳಿಸುವ ಲೆಕ್ಕ. ಎಕ್ಸ್‌ಟೆಂಟ್ಸ್ ಇಲ್ಲವೆಂದು ಎಚ್ಚರಿಕೆ ಬರುತ್ತದೆ, ಬರಲಿ. ಎಕ್ಸ್ಟ್3ರ ಹಳೆ ಬ್ಲಾಕ್ ಮ್ಯಾಪಿಗೆ ಚೆಕ್‌ಸಮ್ ಇರುವುದಿಲ್ಲ, ಅಷ್ಟೇ. ಇದು ಆರ್‌ಒ-ಕಂಪ್ಯಾಟ್. ಆದರೂ ಹಳೆ ಕರ್ನಲ್ ಮೌಂಟ್ ಮಾಡಲು ಒಪ್ಪುವುದಿಲ್ಲ, ಬಹಳ ಮಂದಿ ಕೈಬಿಡುವುದು ಇಲ್ಲೇ. ಹೊಸ ಕರ್ನಲ್ಲಿನಲ್ಲಿ ಬರೆಯಲು ಮೌಂಟ್ ಮಾಡಿದಾಗ, ಬದಲಾವಣೆಗಳನ್ನು ಮೊದಲು ದಾಖಲಿಸುವ ಜರ್ನಲ್ ಒಳಗೂ ಚೆಕ್‌ಸಮ್ಮಿನ ಇನ್‌ಕಂಪ್ಯಾಟ್ ಫ್ಲ್ಯಾಗ್ ಬಿದ್ದಿರುತ್ತದೆ. ಫೈಲ್ ಸಿಸ್ಟಮ್‌ನ ಮುಖ್ಯ ದಾಖಲೆಯಾದ ಸೂಪರ್‌ಬ್ಲಾಕ್ ನೋಡಿದರೆ ಅದು ಕಾಣದು. ಹೊಸ ಕರ್ನಲ್ಲಿನಲ್ಲಿ ಕ್ಲೀನಾಗಿ ಅನ್‌ಮೌಂಟ್ ಮಾಡಿ, ಹಳೆಯದರಲ್ಲಿ ಜರ್ನಲ್ ನೋಡದ ಎಕ್ಸ್ಟ್2 ಆಗಿ ‘ಆರ್‌ಒ’ (ಓದಲು ಮಾತ್ರ) ಕೊಡಿ, ತೆರೆದುಕೊಳ್ಳುತ್ತದೆ.

ಇದೆಲ್ಲವನ್ನೂ ಮೊದಲು ಇ2ಇಮೇಜ್ ‘-ಆರ್’ ಆಜ್ಞೆಯಿಂದ ತೆಗೆದ ಮೆಟಾಡೇಟಾ ನಕಲಿನ ಮೇಲೆ ನಡೆಸಿ ನೋಡಿದೆ. ಖಾಲಿ ಭಾಗಕ್ಕೆ ಜಾಗ ಹಿಡಿಯದ ಸ್ಪಾರ್ಸ್ ಫೈಲಾದ್ದರಿಂದ ಹಿಡಿಯುವ ಜಾಗ ಕಡಿಮೆ. ಐನೋಡ್ ಹಿಗ್ಗಿಸಲು ಎಡೆ ಸಾಲದಿದ್ದರೆ ಇಲ್ಲೇ ತಿಳಿಯುತ್ತದೆ. ಅಳಿಸುತ್ತಿರುವ ಫೈಲುಗಳ ಪಟ್ಟಿ ಇಡುವ ಆರ್ಫನ್-ಫೈಲ್ ಎಂಬ ಕಂಪ್ಯಾಟ್ ಫ್ಲ್ಯಾಗ್ ಕೂಡ ಹಾಕಿ ನೋಡಿದೆ. ಕಂಪ್ಯಾಟ್ ಫ್ಲ್ಯಾಗನ್ನು ಕರ್ನಲ್ ಲೆಕ್ಕಿಸುವುದಿಲ್ಲ, ಆದರೆ ಡಿಸ್ಕ್ ತಪಾಸಣೆ ಮಾಡುವ ಹಳೆ ಇ2ಎಫ್‌ಎಸ್‌ಸಿಕೆ ‘ಫೀಚರ್-ಸಿ12’ ಎಂದು ತಗಾದೆ ತೆಗೆದು ನಿಲ್ಲುತ್ತದೆ. ಅದು ಬೇಡ.

ಹಳೆ ಯಂತ್ರ ಇನ್ನು ಬೇಡವೆನಿಸಿದ ದಿನ ಎಕ್ಸ್‌ಟೆಂಟ್ಸ್ ಹಾಕಿ. ಹಳೆ ಫೈಲುಗಳು ತಾವಾಗಿ ಬದಲಾಗುವುದಿಲ್ಲ. ಒಂದೊಂದಕ್ಕೂ ‘ಸಿಎಚ್‌ಆಟರ್ +ಇ’, ಇಲ್ಲವೇ ಎಲ್ಲಕ್ಕೂ ಒಟ್ಟಿಗೆ ಇ2ಎಫ್‌ಎಸ್‌ಸಿಕೆಯ ಬಿಮ್ಯಾಪ್2ಎಕ್ಸ್‌ಟೆಂಟ್. ಯಾವ ಡೈರೆಕ್ಟರಿಯಿಂದ ಹೊರಟರೆ ತುಣುಕುಗಳು ಕಡಿಮೆಯಾಗುತ್ತವೆ ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ.