ರೈಫಲ್ಲಿನ ಮರಕ್ಕೆ ಯಾವ ಅಂಟು?

ತೀರ್ಥಹಳ್ಳಿ ಕಡೆಯ ಗೆಳೆಯರೊಬ್ಬರ ಬಳಿ ಗುರಿ ಸ್ಪರ್ಧೆಯ ರೈಫಲ್ ಇದೆ. ಫೆಬ್ರುವರಿಯಲ್ಲಿ ಅದು 50 ಮೀಟರ್ ದೂರದ ಕಾಗದದ ಮೇಲೆ ಐದು ಈಡನ್ನೂ ಒಂದು ನಾಣ್ಯದಗಲದೊಳಗೆ ಕೂರಿಸುತ್ತಿತ್ತು. ಆಗಸ್ಟಿನಲ್ಲಿ ರೈಫಲ್ ಅದೇ, ಕಾಡತೂಸು ಅದೇ, ಗುಂಡು ಮಾತ್ರ ಎರಡು ಬೆರಳು ಮೇಲೆ, ಒಂದು ಬೆರಳು ಎಡಕ್ಕೆ. ಗೆಳೆಯರು ದುರ್ಬೀನನ್ನು ಬೈದರು, ಕಾಡತೂಸನ್ನು ಬೈದರು, ಕೊನೆಗೆ ತಮ್ಮ ಕಣ್ಣನ್ನೇ ಬೈದುಕೊಂಡರು. ತಪ್ಪು ಮರದ್ದು.

ಮರ ತೇವ ಕುಡಿದು ಅಡ್ಡಕ್ಕೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚೇನೂ ಆಗದು. ಆಷಾಢದಲ್ಲಿ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷದ ಮಳೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಆಸುಪಾಸಿನಲ್ಲಂತೂ ಮರ ಸುಮ್ಮನಿರುವ ತಿಂಗಳೇ ಕಡಿಮೆ. ಹೀಗೆ ಉಬ್ಬಿದ ಮರ ನಳಿಗೆಯನ್ನೋ, ಬೋಲ್ಟ್ ಓಡಾಡುವ ಉಕ್ಕಿನ ಭಾಗವಾದ ಆ್ಯಕ್ಷನ್ನನ್ನೋ ಒತ್ತಿದರೆ ಗುರಿ ಸರಿಯುತ್ತದೆ. ಆ್ಯಕ್ಷನ್ನಿನ ಕೆಳಗೆ ಒಂದಿಷ್ಟು ಮರ ಕೆತ್ತಿ, ಅಲ್ಲಿ ಗಟ್ಟಿಯಾಗುವ ಅಂಟನ್ನು ತುಂಬಿ, ಉಕ್ಕಿನದೇ ಅಚ್ಚು ಮೂಡಿಸಿ ಕೂರಿಸುವ ಕೆಲಸಕ್ಕೆ ಬೆಡ್ಡಿಂಗ್ ಎನ್ನುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಕೋವಿಯ ರಿಪೇರಿಗೂ ಪರವಾನಗಿ ಬೇಕು. ಆದ್ದರಿಂದ ಕೆತ್ತುವುದು, ತುಂಬುವುದು ಪರವಾನಗಿ ಇರುವ ರಿಪೇರಿಯವರ ಕೈಕೆಲಸ. ಆದರೆ ಯಾವ ಅಂಟು ಎಂಬುದನ್ನು ಕೋವಿಯ ಯಜಮಾನ ತಿಳಿದಿರಬೇಕು. ಇಲ್ಲದಿದ್ದರೆ ಅಂಗಡಿಯಲ್ಲಿ ಅಂದು ಕೈಗೆ ಸಿಕ್ಕ ಡಬ್ಬಿಯೇ ನಿಮ್ಮ ರೈಫಲ್ಲಿನ ಹಣೆಬರಹವಾಗುತ್ತದೆ.

ಮೊದಲು, ಬೇಕೇ ಎಂದು ನೋಡಿ

ತೋಟ ಕಾಯುವ ಕೇಪಿನ ಕೋವಿಗೂ ಜೋಡುನಳಿಗೆಗೂ ಇದರ ಹಂಗಿಲ್ಲ. ಬೋಲ್ಟ್ ರೈಫಲ್ಲಾದರೆ ಖಾಲಿ ಇದೆಯೆಂದು ಎರಡು ಸಲ ನೋಡಿ, ನಳಿಗೆ ಮತ್ತು ಮರದ ಮುಂತುದಿ ಕೂಡುವಲ್ಲಿ ಬೆರಳಿಟ್ಟು, ಆ್ಯಕ್ಷನ್ನನ್ನು ಮರಕ್ಕೆ ಬಿಗಿದ ಮುಂದಿನ ತಿರುಪನ್ನು ಇನ್ನೊಬ್ಬರಿಂದ ನಿಧಾನವಾಗಿ ಸಡಿಲ ಮಾಡಿಸಿ. ನಳಿಗೆ ಮರದಿಂದ ಮೇಲೆದ್ದಂತೆ ಬೆರಳಿಗೆ ತಾಗಿದರೆ ಉಕ್ಕು ಬಾಗಿಯೇ ಕೂತಿತ್ತು ಎಂದರ್ಥ. ಏನೂ ಅಲುಗದಿದ್ದರೆ ದುಡ್ಡು ಉಳಿಯಿತು.

ಬೇಡದವನ್ನು ಕಳೆಯಿರಿ

ಬಡಗಿಗಳ ಬಿಳಿ ಫೆವಿಕಾಲ್ ನೀರಾರಿದಂತೆ ಕುಗ್ಗುತ್ತದೆ, ಬೇಡ. ಕಾರಿನ ಡೊಂಕು ತುಂಬುವ ಪಾಲಿಯೆಸ್ಟರ್ ಪುಟ್ಟಿಯೂ ಕುಗ್ಗುತ್ತದೆ, ಪೆಟ್ಟು ಬಿದ್ದರೆ ಬಿರಿಯುತ್ತದೆ. ನಲ್ಲಿ ಸೋರಿಕೆಗೆ ಮೆತ್ತುವ ಎಂ-ಸೀಲ್ ಎಪಾಕ್ಸಿಯೇ (ರಾಳ, ಗಟ್ಟಿಕಾರಕ ಎರಡನ್ನೂ ಕಲಸಿದರೆ ಬಿಗಿಯುವ ಅಂಟು) ಹೌದು, ಆದರೆ ಕಣಕದ ಉಂಡೆಯಂತೆ ಬಿಗಿ. ಸಂದಿಗೆ ಹರಿಯದೆ ಒಳಗೆ ಪೊಳ್ಳು ಉಳಿಸುತ್ತದೆ. ಹೆಚ್ಚು ಜನ ಮೋಸ ಹೋಗುವುದು ಐದು ನಿಮಿಷದ ಎಪಾಕ್ಸಿಗೆ. ಆ್ಯಕ್ಷನ್ ಕೂರಿಸಿ, ಓರೆಯನ್ನು ನೋಡಿ, ಉಕ್ಕಿ ಬಂದದ್ದನ್ನು ಒರೆಸುವುದರೊಳಗೆ ಅದು ಬಿಗಿದಿರುತ್ತದೆ. ನಿಧಾನದ ಎಪಾಕ್ಸಿಯಷ್ಟು ತೇವವನ್ನೂ ತಾಳದು.

ಉಳಿಯುವುದು ನಿಧಾನದ ಎಪಾಕ್ಸಿ

ಇಲ್ಲಿ ಶಕ್ತಿಯ ಅಂಕಿ ನೋಡಿ ಮರುಳಾಗಬೇಡಿ. ಆ್ಯಕ್ಷನ್ನನ್ನು ಹಿಡಿಯುವುದು ತಿರುಪು. ಅಂಟಿನ ಕೆಲಸ ಕುಗ್ಗದೆ, ಒತ್ತಿದರೆ ಕುಸಿಯದೆ ಕೂರುವುದಷ್ಟೇ. ನೋಡಬೇಕಾದದ್ದು ಹದ. ಅಮೆರಿಕದ ಕೋವಿ ಸಾಮಾನಿನ ಕಂಪನಿ ಬ್ರೌನೆಲ್ಸ್‌ನವರ ಬೆಡ್ಡಿಂಗ್ ಎಪಾಕ್ಸಿ ಆಕ್ರಾಗ್ಲಾಸ್‌ನಲ್ಲಿ ಎರಡು ಬಗೆಯಿವೆ. ತೆಳುವಿನದು ಜೋನಿ ಬೆಲ್ಲದಂತೆ ಓಡಿ ಕುದುರೆಯ (ಟ್ರಿಗರಿನ) ಗೂಡಿನೊಳಗೂ ಇಳಿಯುತ್ತದೆ. ಜೆಲ್ ಬಗೆಯದು ಇಟ್ಟಲ್ಲಿ ನಿಲ್ಲುತ್ತದೆ. ತೆಳುವಿನದಕ್ಕೆ ಅಳತೆ ರಾಳ ನಾಲ್ಕಕ್ಕೆ ಗಟ್ಟಿಕಾರಕ ಒಂದು, ಜೆಲ್ಲಿಗೆ ಸಮಸಮ. ಹೊಸಬರ ಕೆಲಸಕ್ಕೆ ಸಮಸಮದ್ದೇ ಕ್ಷೇಮ. ಹದದ ಪರೀಕ್ಷೆ ಸುಲಭ: ಚಮಚದಲ್ಲಿ ತೆಗೆದು ಬೋರಲು ಹಿಡಿಯಿರಿ. ಉದ್ದಿನ ವಡೆಯ ಹಿಟ್ಟಿನಂತೆ ಕಚ್ಚಿಕೊಂಡಿದ್ದು, ಬೆರಳಲ್ಲಿ ಒತ್ತಿದರೆ ಜಾರಬೇಕು.

ಲೋಹದ ಪುಡಿ ಬೆರೆತ ಡೆವ್ಕಾನ್ ಕಂಪನಿಯ ಬಗೆಯ ಎಪಾಕ್ಸಿಗಳು ಇನ್ನೂ ಗಟ್ಟಿ, ಕುಗ್ಗುವುದೂ ಅತ್ಯಲ್ಪ. ಅದರ ಉಕ್ಕಿನ ಪುಟ್ಟಿಗೆ ತೂಕದಲ್ಲಿ 9:1, ಗಾತ್ರದಲ್ಲಿ 2.5:1. ಈ ಎರಡನ್ನು ಅದಲುಬದಲು ಮಾಡಿ ವಾರವಾದರೂ ಒಣಗದ ಕೆಸರನ್ನು ಚಾಕುವಿನಲ್ಲಿ ಹೆರೆದವರಲ್ಲಿ ನಾನೂ ಒಬ್ಬ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಮಾತ್ರ ಅದರ ಗೋಜಿಗೆ ಹೋಗಿ. ಉಕ್ಕಿನ ಪುಡಿಯದಕ್ಕೆ ನಮ್ಮ ತೇವದಲ್ಲಿ ಮೇಲೆ ತುಕ್ಕಿನ ಚುಕ್ಕೆ ಬರುವುದುಂಟು. ಘಟ್ಟದ ಮೇಲಿನವರಿಗೆ ಅಲ್ಯೂಮಿನಿಯಂ ಪುಡಿಯದೇ ವಾಸಿ ಎನ್ನುವುದು ನನ್ನ ಎಣಿಕೆ. ಪೇಟೆಯಲ್ಲಿ ಸಿಗುವ ಎರಡು ಟ್ಯೂಬಿನ ಸಾಧಾರಣ ಆರಾಲ್ಡೈಟ್ ಕೂಡ ನಿಧಾನದ್ದೇ. ಅದೂ ಹರಿಯುತ್ತದೆ, ಮಂದಗೊಳಿಸುವ ಸಿಲಿಕಾ ಪುಡಿ ಬೆರೆಸಬೇಕು.

ಮರವನ್ನೂ ಕೇಳಿ

ಹೊರದೇಶದ ರೈಫಲ್ಲಿಗೆ ಅಕ್ರೋಟಿನ ಮರವಿದ್ದರೆ ಚಿಂತೆಯಿಲ್ಲ. ಊರಿನ ಆಚಾರಿಗಳು ಮಾಡಿಕೊಟ್ಟ ಸಾಗುವಾನಿಯದೋ ಬೀಟೆಯದೋ ಆದರೆ ಅವುಗಳ ಮೈಯಲ್ಲೇ ಎಣ್ಣೆ; ಅಂಟು ಹಿಡಿದಂತೆ ಕಂಡು ಆಮೇಲೆ ಹಕ್ಕಳೆಯಾಗಿ ಏಳುತ್ತದೆ. ಕೆತ್ತಿದ ಜಾಗವನ್ನು ಅಸಿಟೋನಿನಲ್ಲಿ ಒರೆಸಿ, ಅದು ಆರಿದ ಕೂಡಲೇ, ಎಣ್ಣೆ ಮತ್ತೆ ಮೇಲೇಳುವ ಮೊದಲು ಅಂಟು ಹಾಕಬೇಕು. ಹಳೆಯ ಕೋವಿಯಲ್ಲಿ ವರ್ಷಗಟ್ಟಲೆ ಹೀರಿದ ಕೋವಿ ಎಣ್ಣೆಯಿದ್ದರೂ ಇದೇ ಉಪಚಾರ, ಎರಡು ಮೂರು ಸಲ. ಎರಡು ಮೂರು ಮಿಲಿಮೀಟರ್ ಆಳಕ್ಕಾದರೂ ಕೆತ್ತಲು ಹೇಳಿ. ತೆಳು ಪದರ ಮರದ ಜೊತೆಗೇ ಕುಣಿಯುತ್ತದೆ.

ಯಾವ ತಿಂಗಳು?

ಮಳೆಗಾಲದಲ್ಲಿ ಬೇಡ. ಉಬ್ಬಿದ ಮರಕ್ಕೆ ಅಚ್ಚು ತೆಗೆದರೆ ಬೇಸಿಗೆಯಲ್ಲಿ ಅದು ಬೇರೆಯೇ ಆಕಾರ. ಸಾಲದ್ದಕ್ಕೆ ಒದ್ದೆ ಗಾಳಿಯಲ್ಲಿ ಎಪಾಕ್ಸಿಯ ಮೇಲೆ ಜಿಡ್ಡು ಜಿಡ್ಡಾದ ಪೊರೆ ಕಟ್ಟುತ್ತದೆ. ಕಟ್ಟಿದರೆ ಬೆಚ್ಚಗಿನ ನೀರಿನಲ್ಲಿ ತೊಳೆದು ತೆಗೆಯಬೇಕು. ಶಿವಮೊಗ್ಗದ ಏಪ್ರಿಲ್ ಮಧ್ಯಾಹ್ನವೂ ಆಗದು: ಹತ್ತು ಡಿಗ್ರಿ ಏರಿದರೆ ಕಲಸಿದ ಅಂಟು ಬಿಗಿಯುವವರೆಗಿನ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬೆಳಿಗ್ಗೆ ಹತ್ತರ ಹೊತ್ತು ಹಿತ. ಅಂದು ಕಲಸಿದ್ದರಲ್ಲೇ ಒಂದು ಉಂಡೆಯನ್ನು ಕಾಗದದ ಮೇಲೆ ಬಿಟ್ಟಿಡಿ. ಮರುದಿನ ಉಗುರು ಇಳಿಯದಿದ್ದರೆ ಮಾತ್ರ ತಿರುಪು ಬಿಚ್ಚಲಿ.

ಬಿಡಿಸಿಕೊಳ್ಳುವ ಉಪಾಯ ಕಲಸುವ ಮೊದಲೇ ಆಗಿರಬೇಕು. ಉಕ್ಕಿಗೆ ಬಣ್ಣವಿಲ್ಲದ ಶೂ ಪಾಲಿಶ್‌ನ ಮೇಣ ಎರಡು ಕೈ, ತಿರುಪಿನ ಎಳೆಗಳಿಗೂ ಮೇಣ, ತೂತುಗಳಿಗೆ ಮಕ್ಕಳು ಆಡುವ ಬಣ್ಣದ ಕ್ಲೇ. ಒಂದು ತೂತು ಮರೆತರೆ ಅಂಟು ಅಲ್ಲಿ ಗೂಟ ಹೊಡೆದಂತೆ ಕೂತು, ರೈಫಲ್ಲೂ ಮರವೂ ಜನ್ಮಕ್ಕೆ ಬೇರೆಯಾಗುವುದಿಲ್ಲ.

ಗೆಳೆಯರು ಕಳೆದ ಆಗಸ್ಟಿನಲ್ಲಿ ಮತ್ತೆ ಕಾಗದ ಕಟ್ಟಿ ನೋಡಿದರು. ಗುಂಡು ಅರ್ಧ ಬೆರಳು ಎಡಕ್ಕಿತ್ತು. ಈಗ ಗಾಳಿಯನ್ನು ಬೈಯುತ್ತಿದ್ದಾರೆ.