ಕೆಂಪಡರಿದ ಫೋಟೋ, ಓಡುವ ಕ್ಯಾಸೆಟ್: ಪೈಥಾನ್‌ನಲ್ಲಿ ನಾನು ಮಾಡಿದ ರಿಪೇರಿ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತವರಿಗೆ ಮೊದಲು ಸಿಗುವುದು ಅವಿಭಾಜ್ಯ ಸಂಖ್ಯೆ ಹುಡುಕಿ, ಫ್ಯಾಕ್ಟೋರಿಯಲ್ ಬರೆಯಿರಿ ಎನ್ನುವ ಲೆಕ್ಕಗಳೇ. ನನಗೆ ಅದರ ರುಚಿ ಹತ್ತಲಿಲ್ಲ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಮಾರ್ಕ್ ಗಜ್ಡಿಯಲ್ ಅವರು 2003ರಲ್ಲಿ, ಕಂಪ್ಯೂಟರ್ ಸೈನ್ಸ್ ಓದದ ವಿದ್ಯಾರ್ಥಿಗಳಿಗೆಂದೇ, ಚಿತ್ರ ಮತ್ತು ಧ್ವನಿಯ ಮೂಲಕ ಪ್ರೋಗ್ರಾಮಿಂಗ್ ಹೇಳಿಕೊಡುವ ಕೋರ್ಸ್ ಶುರುಮಾಡಿದ್ದರು. ಅದರ ಬಗ್ಗೆ ಓದಿದಾಗ ಮನೆಯಲ್ಲೇ ಇದ್ದ ಸಾಮಗ್ರಿ ನೆನಪಾಯಿತು: ಎಂಬತ್ತರ ದಶಕದ ಕಲರ್ ಫೋಟೋಗಳು, ದೊಡ್ಡಪ್ಪ ಭಾಗವತಿಕೆ ಮಾಡಿದ ತಾಳಮದ್ದಲೆಯ ಕ್ಯಾಸೆಟ್‌ಗಳು.

ಫೋಟೋಗಳೆಲ್ಲ ಕೆಂಪಡರಿದ್ದವು. ಆ ಕಾಲದ ಎಷ್ಟೋ ಪ್ರಿಂಟ್‌ಗಳಲ್ಲಿ ಮೊದಲು ಮಾಸುವುದು ಸಯಾನ್, ಅಂದರೆ ಹಸಿರು ಬೆರೆತ ನೀಲಿ ಬಣ್ಣ. ಕೆಂಪು ಬೆಳಕನ್ನು ಹೀರಿಕೊಳ್ಳುವ ಕೆಲಸ ಅದರದ್ದೇ. ಅದು ಹೋದರೆ ಕಪ್ಪು ಕೂದಲಿನಿಂದಲೂ ಕೆಂಪು ಸೋರುತ್ತದೆ. ಸ್ಕ್ಯಾನ್ ಮಾಡಿ, ಚಿತ್ರಗಳಿಗೆಂದೇ ಇರುವ ಪೈಥಾನ್‌ನ ಪಿಲ್ಲೋ ಲೈಬ್ರರಿಯಲ್ಲಿ ತೆರೆದು, ದೊಡ್ಡಪ್ಪನ ಕೂದಲಿನ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕೆ, ವಿಚಾರಿಸಿದೆ. ಬಂದದ್ದು ಮೂರು ಸಂಖ್ಯೆ: ಕೆಂಪು 112, ಹಸಿರು 31, ನೀಲಿ 38. ಪ್ರತಿಯೊಂದೂ 0ಯಿಂದ 255ರೊಳಗೆ ಇರುತ್ತದೆ. ಕೂದಲು ಕಪ್ಪಾಗಿದ್ದರೆ ಮೂರೂ ಸೊನ್ನೆಯ ಹತ್ತಿರ ಇರಬೇಕಿತ್ತು. ಇಡೀ ಚಿತ್ರದಲ್ಲಿ ಕೆಂಪು ಹೆಚ್ಚುಕಡಿಮೆ 110ರಿಂದ 250ರವರೆಗೆ ಮಾತ್ರ ಓಡಾಡುತ್ತಿತ್ತು.

ಹಾಗಾದರೆ ಅದನ್ನು ಹಿಡಿದು ಎಳೆಯಬೇಕು. ಒಂದೇ ಕೆಲಸವನ್ನು ಒಂದೊಂದು ಪಿಕ್ಸೆಲ್‌ಗೂ ಮತ್ತೆ ಮತ್ತೆ ಮಾಡಿಸುವ ಒಂದು ಫಾರ್ ಲೂಪ್. ಪ್ರತಿ ಪಿಕ್ಸೆಲ್‌ನ ಕೆಂಪಿನಿಂದ 110 ಕಳೆದು, 255ರಿಂದ ಗುಣಿಸಿ, 140ರಿಂದ ಭಾಗಿಸುವುದು. 180 ಇದ್ದದ್ದು 127 ಆಗುತ್ತದೆ, 110 ಇದ್ದದ್ದು ಸೊನ್ನೆ. ಹಸಿರಿಗೂ ನೀಲಿಗೂ ಅವುಗಳದೇ ಅಂಚು ಹುಡುಕಿ ಇದನ್ನೇ ಮಾಡಿದರೆ ಪಂಚೆ ಬಿಳಿಯಾಗುತ್ತದೆ, ಕೂದಲು ಕಪ್ಪಾಗುತ್ತದೆ. ಅಂಚು ಹುಡುಕುವಾಗ ತೀರಾ ಚಿಕ್ಕ, ತೀರಾ ದೊಡ್ಡ ಬೆಲೆಗಳನ್ನು ನಂಬಬೇಡಿ. ಒಂದು ಧೂಳಿನ ಕಣ, ಒಂದು ಗೀರು ಸಾಕು ಲೆಕ್ಕ ಕೆಡಿಸಲು. ಎರಡೂ ತುದಿಯಲ್ಲಿ ನೂರಕ್ಕೆ ಒಂದರಷ್ಟು ಪಿಕ್ಸೆಲ್ ಬಿಟ್ಟು ನಾನು ಅಳೆಯುತ್ತೇನೆ.

ಲೂಪ್ ನಿಧಾನ, ಅದು ನಿಜ. 4000 ಅಗಲ, 3000 ಎತ್ತರದ ಚಿತ್ರವೆಂದರೆ 1.2 ಕೋಟಿ ಪಿಕ್ಸೆಲ್. ಕಲಿಯುವಾಗ 800×600ಕ್ಕೆ ಇಳಿಸಿಕೊಳ್ಳಿ, ಆಮೇಲೆ ನಂಪೈ, ಸಂಖ್ಯೆಗಳ ರಾಶಿಗೆ ಒಟ್ಟಿಗೇ ಲೆಕ್ಕ ಮಾಡುವ ಲೈಬ್ರರಿ. ಆದರೆ ನಂಪೈ ಬಂದ ಕೂಡಲೇ ಅದರ ಒಂದು ಗುಣ ತಿಳಿದಿರಬೇಕು. ಚಿತ್ರದ ಸಂಖ್ಯೆಗಳು ಎಂಟು ಬಿಟ್‌ನವು, 255 ದಾಟಿದರೆ ಮತ್ತೆ ಸೊನ್ನೆಯಿಂದ ಎಣಿಕೆ. ಹಾಗೇ ಬಿಟ್ಟು 200ರ ಪಿಕ್ಸೆಲ್‌ಗೆ 100ರ ಪಿಕ್ಸೆಲ್ ಕೂಡಿಸಿದರೆ 300 ಬರುವುದಿಲ್ಲ, 255 ಕೂಡ ಅಲ್ಲ, 44 ಬರುತ್ತದೆ. ಹಣೆಯ ಮೇಲಿನ ಹೊಳಪು ಕಪ್ಪು ಮಚ್ಚೆಯಾಗುತ್ತದೆ. ಮೊದಲು ದಶಮಾಂಶಕ್ಕೆ ಬದಲಿಸಿ, ಲೆಕ್ಕ ಮುಗಿಸಿ, 0–255ರೊಳಗೆ ಕತ್ತರಿಸಿ, ಆಮೇಲೆ ಉಳಿಸಬೇಕು.

ಧ್ವನಿಗೂ ಇದೇ ಗಣಿತ, ಇದೇ ಅಪಾಯ. ಕ್ಯಾಸೆಟ್ಟನ್ನು ಸಿ.ಡಿ. ಗುಣಮಟ್ಟದಲ್ಲಿ ಕಂಪ್ಯೂಟರಿಗೆ ಇಳಿಸಿದರೆ ಸೆಕೆಂಡಿಗೆ 44,100 ಸಂಖ್ಯೆ, ಪ್ರತಿಯೊಂದೂ -32,768ರಿಂದ 32,767ರೊಳಗೆ. ಪದ್ಯ ತಗ್ಗಿದ ದನಿಯಲ್ಲಿದ್ದು ಅತಿ ದೊಡ್ಡ ಸಂಖ್ಯೆಯೇ 8,000 ಆಗಿದ್ದರೆ ಎಲ್ಲವನ್ನೂ ನಾಲ್ಕರಿಂದ ಗುಣಿಸಬಹುದು. ಐದರಿಂದ ಗುಣಿಸಿದರೆ 40,000. ಅದು ಹದಿನಾರು ಬಿಟ್‌ನಲ್ಲಿ ಹಿಡಿಸದೆ -25,536 ಆಗಿ ಮಗುಚಿಕೊಳ್ಳುತ್ತದೆ. ಚೆಂಡೆಯ ಪ್ರತಿ ಪೆಟ್ಟಿಗೂ ಚಟ್ ಎಂದು ಸಿಡಿದದ್ದು ಕೇಳುತ್ತದೆ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಶ್ರುತಿ ಸರಿಮಾಡಿದ ಕೆಲಸ. ದೊಡ್ಡಪ್ಪ ಹಾಡುತ್ತಿದ್ದದ್ದು ಕಪ್ಪು ಒಂದರಲ್ಲಿ. ಕ್ಯಾಸೆಟ್‌ನಲ್ಲಿ ಮಾತ್ರ ಅವರು ಹಾರ್ಮೋನಿಯಂನಲ್ಲಿ ಅದಕ್ಕಿಂತ ಅರ್ಧ ಸ್ವರ ಮೇಲಿನ ಬಿಳಿ ಎರಡರಲ್ಲಿ, ಅವಸರದಲ್ಲಿರುವಂತೆ ಕೇಳುತ್ತಾರೆ. ರೆಕಾರ್ಡ್ ಮಾಡುವಾಗ ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು, ಸೆಲ್ ಇಳಿದಿದ್ದರೆ ಮೋಟಾರು ನಿಧಾನವಾಗುತ್ತದೆ. ಆ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿಯೂ ಲಯವೂ ಒಟ್ಟಿಗೇ ಏರುತ್ತವೆ. ಅರ್ಧ ಸ್ವರದ ಅಂತರವೆಂದರೆ 1.0595 ಪಟ್ಟು. 44,100ನ್ನು ಇದರಿಂದ ಭಾಗಿಸಿದರೆ ಸುಮಾರು 41,625. ಒಂದು ಸಂಖ್ಯೆಯನ್ನೂ ಮುಟ್ಟದೆ, ಪೈಥಾನ್‌ನದೇ ಆದ ವೇವ್ ಮಾಡ್ಯೂಲ್‌ನಲ್ಲಿ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಂಖ್ಯೆ ನುಡಿಸಬೇಕು ಎಂಬುದನ್ನು, ಮಾತ್ರ 41,625 ಎಂದು ಬರೆದೆ. ಹಾರ್ಮೋನಿಯಂ ಇಟ್ಟು ನೋಡಿದರೆ ಕಪ್ಪು ಒಂದಕ್ಕೆ ಸೇರಿತು. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ "ಈಗ ಅವರದೇ ಸ್ವರ" ಎಂದರು.

ಆದರೆ ಸೆಲ್ ಇಳಿಯುತ್ತಲೇ ಹೋಗುತ್ತದಲ್ಲ! ಟೇಪಿನ ಕೊನೆಯ ಹೊತ್ತಿಗೆ ಶ್ರುತಿ ಇನ್ನೂ ಮೇಲೆ ಹೋಗಿತ್ತು, ಒಂದೇ ರೇಟು ಸಾಲದು. ಅದಕ್ಕೇ ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಹಿಂದೆ ಕೇಳುವ ಶ್ರುತಿಪೆಟ್ಟಿಗೆಯನ್ನು ಹಿಡಿದು ಬೇರೆ ಬೇರೆ ರೇಟು ತೆಗೆದೆ. ಒಂದೇ ಫೈಲಿಗೆ ಸೇರಿಸಲು ಎಲ್ಲವೂ ಮತ್ತೆ 44,100ಕ್ಕೆ ಬರಬೇಕು. ನಂಪೈಯ ಇಂಟರ್ಪ್ ಎಂಬ ಫಂಕ್ಷನ್ ನಡುವಿನ ಬೆಲೆಗಳನ್ನು ಊಹಿಸಿ ತುಂಬುತ್ತದೆ, 100 ಮತ್ತು 120ರ ನಟ್ಟನಡುವೆ ಬೇಕಾದರೆ 110. ತುಂಡು ಮಾಡುವ ಜಾಗ ಪದ್ಯದ ಮಧ್ಯೆ ಬೇಡ, ಅರ್ಥಗಾರಿಕೆಯಲ್ಲಿ ಇರಲಿ. ಮಾತಿನ ನಡುವೆ ಶ್ರುತಿ ಕೂದಲೆಳೆಯಷ್ಟು ಜಿಗಿದರೆ ಯಾರ ಕಿವಿಗೂ ಬೀಳುವುದಿಲ್ಲ.