ವಾರಂಟಿ ಇರುವ ಇಂಕ್ ಪೆನ್ನು ಕೆಟ್ಟಾಗ ಮಾಡಬೇಕಾದ್ದೇನು

ಪೆನ್ನು ಸರಿಯಾಗಿ ಬರೆಯುತ್ತಿಲ್ಲ ಅನಿಸಿದ ತಕ್ಷಣ ನಿಬ್ಬನ್ನು ಉಗುರಿನಲ್ಲಿ ಅಗಲಿಸಲು, ಸೀಳಿನೊಳಗೆ ಬ್ಲೇಡು ತೂರಿಸಲು, ಇಕ್ಕಳದಲ್ಲಿ ಹಿಡಿದು ಎಳೆಯಲು ಹೋಗಬೇಡಿ. ವಾರಂಟಿ ಕೈತಪ್ಪುವುದು ಇಲ್ಲೇ. ಸರ್ವಿಸ್ ಸೆಂಟರಿನವರು ಮೊದಲು ನೋಡುವುದೇ ನಿಬ್ಬನ್ನು, ಅದೂ ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು. ಸೀಳಿನಲ್ಲಿ ಬ್ಲೇಡಿನ ಗೀರು, ನಿಬ್ಬಿನ ಅಂಚಿನಲ್ಲಿ ಇಕ್ಕಳದ ಕಚ್ಚು, ತುದಿಯಲ್ಲಿ ಉಪ್ಪುಕಾಗದ ಉಜ್ಜಿದ ಗುರುತು ಕಂಡರೆ, ಮೂಲ ದೋಷ ಕಂಪನಿಯದೇ ಆಗಿದ್ದರೂ ಅದನ್ನು ಸಾಬೀತು ಮಾಡುವುದು ಕಷ್ಟ. ದೋಷ ಕಂಡ ದಿನದಿಂದ ಪೆನ್ನು ಕಳಿಸುವ ದಿನದವರೆಗೆ ತೊಳೆಯಿರಿ, ಪರೀಕ್ಷಿಸಿ, ದಾಖಲೆ ಇಡಿ. ಅದಕ್ಕಿಂತ ಹೆಚ್ಚಿಗೆ ಏನೂ ಮಾಡಬೇಡಿ.

ದೋಷವೋ, ಪೆಟ್ಟೋ?

ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ಹೊಸ ಪೆನ್ನಿನ ನಿಬ್ಬು ಮೊದಲ ದಿನದಿಂದಲೇ ತಡವರಿಸುವುದು, ಬೀಳಿಸದಿದ್ದರೂ ಕ್ಯಾಪಿನ ಬಾಯಲ್ಲಿ ಬಿರುಕು ಮೂಡುವುದು, ಇಂಕು ಎಳೆದುಕೊಳ್ಳುವ ಪಿಸ್ಟನ್ ಹಿಂದಿನಿಂದ ಇಂಕು ಸೋರುವುದು, ಕ್ಲಿಪ್ಪು ತಾನಾಗಿ ಸಡಿಲವಾಗುವುದು ಇವೆಲ್ಲ ಅದರೊಳಗೆ ಬರುತ್ತವೆ. ಬಿದ್ದು ಬಾಗಿದ ನಿಬ್ಬು, ಬಳಸಿ ಸವೆದ ಲೇಪ, ಕಳೆದುಹೋದ ಕ್ಯಾಪು, ಸಲ್ಲದ ಇಂಕು ಹಾಕಿ ಕಟ್ಟಿಕೊಂಡ ಪೆನ್ನು ಬರುವುದಿಲ್ಲ. ಹಲವು ಕಂಪನಿಗಳದ್ದು ಎರಡು ವರ್ಷದ ವಾರಂಟಿ. ಕ್ರಾಸ್‌ನಂಥವರು ಯಾಂತ್ರಿಕ ಭಾಗಗಳಿಗೆ ಆಜೀವ ಗ್ಯಾರಂಟಿ ಕೊಡುತ್ತಾರೆ, ಆದರೆ ಅದರಲ್ಲೂ ಸವೆತ, ದುರ್ಬಳಕೆ ಸೇರುವುದಿಲ್ಲ. ಕಾರ್ಡಿನಲ್ಲಿ ‘ಸೇರುವುದಿಲ್ಲ’ ಎಂದು ಬರೆದಿರುವ ಭಾಗವನ್ನು ಮೊದಲು ಓದಿ.

ಬಿದ್ದ ಪೆನ್ನಿನ ನಿಬ್ಬು ಸುಳ್ಳು ಹೇಳುವುದಿಲ್ಲ. ಸೀಳಿನ ಎರಡು ಬದಿಯ ತುದಿಗಳಲ್ಲಿ ಒಂದು ಮೇಲೆ ಒಂದು ಕೆಳಗೆ ನಿಂತಿರುತ್ತದೆ, ಅಥವಾ ಎರಡೂ ಒಟ್ಟಿಗೆ ಮೇಲಕ್ಕೆ ಮಡಚಿರುತ್ತವೆ. ಬಿದ್ದಿದ್ದರೆ ಬಿದ್ದಿದೆ ಎಂದೇ ಬರೆದು, ಹಣ ಕೊಟ್ಟು ರಿಪೇರಿ ಮಾಡಿಸಲು ಎಷ್ಟಾಗುತ್ತದೆ ಎಂದು ಕೇಳಿ. ಲಾಮಿ ಸಫಾರಿಯಂಥ ಪೆನ್ನಿನಲ್ಲಿ ನಿಬ್ಬನ್ನು ಮುಂದಕ್ಕೆ ಜಾರಿಸಿ ತೆಗೆಯಬಹುದು. ಅಂಥ ಸ್ಟೀಲ್ ನಿಬ್ಬಿಗಾಗಿ ಪೆನ್ನನ್ನೇ ಕೊರಿಯರಿನಲ್ಲಿ ಓಡಾಡಿಸುವುದಕ್ಕಿಂತ ಹೊಸ ನಿಬ್ಬು ಕೊಳ್ಳುವುದೇ ಲೇಸು. ಚಿನ್ನದ ನಿಬ್ಬಿನ ಮಾತು ಬೇರೆ, ಅದನ್ನು ಕಂಪನಿಯೇ ನೋಡಲಿ.

ದೋಷದಂತೆ ಕಂಡರೂ ದೋಷವಲ್ಲದ ಕೆಲವು ಸಂಗತಿಗಳಿವೆ. ಕ್ಯಾಪಿನ ತುದಿಯಲ್ಲಿ ರಂಧ್ರವಿದ್ದರೆ ಗಾಬರಿ ಬೇಡ. ಮಕ್ಕಳು ಕ್ಯಾಪು ನುಂಗಿದರೂ ಉಸಿರಾಡಲಿ ಎಂದು ಐಎಸ್‌ಒ 11540 ಮಾನಕದಂತೆ ಇಟ್ಟಿರುವ ರಂಧ್ರ ಅದು. ವಿಮಾನದಲ್ಲಿ ಪೆನ್ನು ಕಕ್ಕುವುದು ಒಳಗಿನ ಗಾಳಿ ಹಿಗ್ಗುವುದರಿಂದ. ಡ್ರಾಪರಿನಲ್ಲಿ ನೇರ ಬ್ಯಾರೆಲ್ಲಿಗೆ ಇಂಕು ತುಂಬುವ ಪೆನ್ನು ಮುಕ್ಕಾಲು ಖಾಲಿಯಾದಾಗ ದಪ್ಪ ಹನಿ ಬೀಳಿಸುವುದಕ್ಕೂ ಗಾಳಿಯೇ ಕಾರಣ, ಕೈಯ ಬಿಸಿಗೆ ಅದು ಹಿಗ್ಗುತ್ತದೆ. ಅಂಥ ಪೆನ್ನನ್ನು ಅರ್ಧಕ್ಕಿಂತ ಕೆಳಗೆ ಇಳಿಯುವ ಮೊದಲೇ ತುಂಬಿಸಿದರೆ ಮುಗಿಯಿತು.

ತೊಳೆಯುವುದು

ತಡವರಿಸುವ ಪೆನ್ನನ್ನು ತೊಳೆಯದೆ ಕಳಿಸಿದರೆ ‘ಸ್ವಚ್ಛಗೊಳಿಸಲಾಗಿದೆ, ದೋಷವಿಲ್ಲ’ ಎಂಬ ಚೀಟಿಯೊಂದಿಗೆ ವಾಪಸ್ ಬರಬಹುದು. ಇಂಕು ಖಾಲಿ ಮಾಡಿ. ಒಂದು ಲೋಟ ತಣ್ಣೀರಿನಲ್ಲಿ ನಿಬ್ಬು ಮುಳುಗುವಷ್ಟು ಅದ್ದಿ, ಕನ್ವರ್ಟರಿನಲ್ಲಿ, ಅಂದರೆ ಇಂಕು ಎಳೆದು ತುಂಬಿಸುವ ಬಿಚ್ಚಿ ತೆಗೆಯಬಹುದಾದ ಕೊಳವೆಯಲ್ಲಿ, ನೀರೆಳೆದು ಹೊರಬಿಡಿ. ಹದಿನೈದು ಇಪ್ಪತ್ತು ಸಲ ಹೀಗೆ ಮಾಡಿ, ನೀರು ತಿಳಿಯಾಗದಿದ್ದರೆ ರಾತ್ರಿಯಿಡೀ ನೆನೆಸಿಡಿ. ಹಠ ಹಿಡಿದ ಇಂಕಿಗೆ 200 ಮಿಲಿ ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಕೊನೆಗೆ ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಸೋಪು ಉಳಿದರೆ ಇಂಕು ಕಾಗದದ ಮೇಲೆ ಹರಡುತ್ತದೆ.

ಬಿಸಿನೀರು ಬೇಡ, ನಿಬ್ಬಿನ ಕೆಳಗಿದ್ದು ಅದಕ್ಕೆ ಇಂಕು ಹಾಯಿಸುವ ಪ್ಲಾಸ್ಟಿಕ್ಕಿನ ಫೀಡ್ ಸೊಟ್ಟಗಾಗುತ್ತದೆ. ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಹತ್ತಿರವೂ ತರಬೇಡಿ, ಅವು ಪೆನ್ನಿನ ಮೈಯನ್ನೇ ಕರಗಿಸುತ್ತವೆ. ಸೆಲ್ಯುಲಾಯ್ಡ್ ಪೆನ್ನನ್ನೂ ಮರದ ಪೆನ್ನನ್ನೂ ನೆನೆಹಾಕಬಾರದು. ಎಬೊನೈಟ್ ಎಂಬ ಗಟ್ಟಿ ರಬ್ಬರು ಹೆಚ್ಚು ಹೊತ್ತು ನೀರಲ್ಲಿದ್ದರೆ ಹೊಳಪು ಹೋಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ನಿಬ್ಬನ್ನಷ್ಟೇ ಅದ್ದಿ. ತೊಳೆದಾದ ಮೇಲೆ ನಿಬ್ಬಿಗೆ ಟಿಶ್ಯೂ ಸುತ್ತಿ, ತಲೆಕೆಳಗಾಗಿ ಲೋಟದಲ್ಲಿ ನಿಲ್ಲಿಸಿ, ಒಂದು ದಿನ ಒಣಗಲು ಬಿಡಿ.

ಸ್ಟೇಷನರಿ ಅಂಗಡಿಯಲ್ಲಿ ಸಿಗುವ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕನ್ನು ಪೆನ್ನಿಗೆ ತುಂಬಿದ್ದರೆ ತೊಳೆತದಿಂದ ಆಗುವುದು ಸ್ವಲ್ಪವೇ. ಅದರಲ್ಲಿರುವ ಅರಗು ಅಥವಾ ಅಕ್ರಿಲಿಕ್ ಒಣಗಿ ಫೀಡಿನ ಸಣ್ಣ ಕಾಲುವೆಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಇದು ವಾರಂಟಿಯಲ್ಲಿ ಬರುವುದಿಲ್ಲ.

ಎಲ್ಲಿ ಕೆಟ್ಟಿದೆ ಎಂದು ಕಂಡುಕೊಳ್ಳುವುದು

‘ಪೆನ್ನು ಬರೆಯುವುದಿಲ್ಲ’ ಎಂದಷ್ಟೇ ದೂರು ಕೊಟ್ಟರೆ ಅವರು ಒಂದು ಗೆರೆ ಎಳೆದು ನೋಡಿ ವಾಪಸ್ ಕಳಿಸಿಯಾರು. ದೋಷದ ಜಾಗ ಹೇಳಿದರೆ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ಪರೀಕ್ಷೆಗೆ ಅದೇ ಕಂಪನಿಯ ಇಂಕು ಬಳಸಿ, ಇಂಕಿನ ಮೇಲೆ ತಪ್ಪು ಹೊರಿಸಲು ಆಗ ಆಸ್ಪದವಿರುವುದಿಲ್ಲ. ಕಾಗದ ನಯವಾಗಿರಲಿ. ಅಗ್ಗದ ನೋಟ್‌ಬುಕ್ಕಿನಲ್ಲಿ ಇಂಕು ಹಬ್ಬಿದರೆ ಅದು ಪೆನ್ನಿನ ದೋಷವಲ್ಲ.

ಮೊದಲು ಅದ್ದಿ ಬರೆಯಿರಿ. ಕನ್ವರ್ಟರ್ ತೆಗೆದು, ನಿಬ್ಬನ್ನು ಇಂಕಿನಲ್ಲಿ ಮುಳುಗಿಸಿ ನಾಲ್ಕೈದು ಸಾಲು ಬರೆಯಿರಿ. ಆಗ ಚೆನ್ನಾಗಿ ಬರೆದು, ಕನ್ವರ್ಟರ್ ಹಾಕಿದ ಮೇಲೆ ಸ್ವಲ್ಪ ಹೊತ್ತಿಗೆ ಒಣಗಿದರೆ ತೊಂದರೆ ಫೀಡಿನಲ್ಲೋ ಕನ್ವರ್ಟರಿನಲ್ಲೋ ಇದೆ. ಅದ್ದಿದಾಗಲೂ ತಡವರಿಸಿದರೆ ನಿಬ್ಬೇ ಕಾರಣ. ಫೀಡ್ ಎಂದು ನಿರ್ಧರಿಸುವ ಮುಂಚೆ ಬೇರೊಂದು ಕನ್ವರ್ಟರ್ ಹಾಕಿ ನೋಡಿ, ಪೆನ್ನಿನಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ ಅದೇ. ಆದರೆ ಕನ್ವರ್ಟರ್ ಎಲ್ಲದಕ್ಕೂ ಒಂದೇ ಅಲ್ಲ. ಲಾಮಿ, ಪಾರ್ಕರ್, ಪೈಲಟ್, ಸೈಲರ್, ಪ್ಲಾಟಿನಮ್ ಪೆನ್ನುಗಳಿಗೆ ಅವುಗಳದ್ದೇ ಬೇಕು. ಬೇರೆಯದನ್ನು ಒತ್ತಿ ತುರುಕಿ ಒಳಗಿನ ಕೊಳವೆ ಸೀಳಿದರೆ ವಾರಂಟಿ ಹೋಯಿತು.

ನಿಬ್ಬಿನಲ್ಲಿ ಒಂದು ದೋಷ ಹೆಚ್ಚಾಗಿ ಕಾಣುವಂಥದ್ದು. ಅಕ್ಷರದ ಮೊದಲ ಗೆರೆ ಮೂಡುವುದಿಲ್ಲ, ತುಸು ಒತ್ತಿದರೆ ಮೂಡುತ್ತದೆ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ತುದಿಯನ್ನು ಎದುರಿನಿಂದ ನೋಡಿದರೆ ಸೀಳಿನ ಎರಡೂ ಒಳಅಂಚು ಅತಿಯಾಗಿ ಉಜ್ಜಿ ದುಂಡಾಗಿರುತ್ತವೆ. ಇಂಕು ಆ ಕುಳಿಯಲ್ಲೇ ನಿಲ್ಲುತ್ತದೆ, ಕಾಗದ ಮುಟ್ಟುವುದಿಲ್ಲ. ಪೆನ್ನಿನವರು ಇದನ್ನು ಬೇಬೀಸ್ ಬಾಟಮ್ ಅನ್ನುತ್ತಾರೆ. ಕಾರ್ಖಾನೆಯಲ್ಲಿ ಹೆಚ್ಚು ಪಾಲಿಷ್ ಮಾಡಿದ್ದರಿಂದ ಆಗುವುದು, ವಾರಂಟಿಯಲ್ಲಿ ಧಾರಾಳವಾಗಿ ಕೇಳಬಹುದು.

ಸೋರುವ ಪೆನ್ನಿಗೆ ನೀರು ತುಂಬಿ, ಹೊರಗೆಲ್ಲ ಒರೆಸಿ, ಜೋಡಣೆಯಿರುವ ಪ್ರತಿ ಜಾಗಕ್ಕೂ ಒಣ ಟಿಶ್ಯೂ ಸುತ್ತಿ ಹನ್ನೆರಡು ಗಂಟೆ ನಿಲ್ಲಿಸಿಡಿ. ಯಾವ ಟಿಶ್ಯೂ ಒದ್ದೆಯಾಗುತ್ತದೋ ಅಲ್ಲೇ ಸೋರಿಕೆ. ಪಾರದರ್ಶಕ ಪೆನ್ನಿನ ಬಿರುಕು ಕಾಣದಿದ್ದರೆ ಮೊಬೈಲ್ ಟಾರ್ಚನ್ನು ಅಡ್ಡಡ್ಡಲಾಗಿ ಹಿಡಿದು ಪೆನ್ನನ್ನು ನಿಧಾನ ತಿರುಗಿಸಿ, ಕೂದಲೆಳೆಯಷ್ಟು ಬೆಳ್ಳನೆ ಗೆರೆ ಹೊಳೆಯುತ್ತದೆ. ಇಂಥ ಬಿರುಕು ಹೆಚ್ಚಾಗಿ ತಿರುಗಿಸಿ ಕೂರಿಸುವ ತಿರುಪಿನ ಹತ್ತಿರ ಇರುತ್ತದೆ. ಅತಿ ಬಿಗಿಯಾಗಿ ತಿರುಗಿಸಿದ್ದೇ ಕಾರಣ ಎಂದು ಕಂಪನಿ ವಾದಿಸಬಹುದು, ಆದ್ದರಿಂದ ಬಿರುಕು ಕಂಡ ದಿನವೇ ಫೋಟೊ ತೆಗೆದು ಬಳಕೆ ನಿಲ್ಲಿಸಿ.

ದಾಖಲೆ

ಬಿಲ್ಲಿನಲ್ಲಿ ಮಾರಿದವರ ಹೆಸರು ನೋಡಿ. ಆನ್‌ಲೈನಿನಲ್ಲಿ ಕೊಂಡಾಗ ಜಾಲತಾಣದ ಹೆಸರಲ್ಲ, ಒಳಗಿನ ಮಾರಾಟಗಾರನ ಹೆಸರು ಮುಖ್ಯ. ಅವನು ಕಂಪನಿಯ ಅಧಿಕೃತ ಮಾರಾಟಗಾರನಲ್ಲದಿದ್ದರೆ ಇಲ್ಲಿನ ವಿತರಕರು ಕೈಚೆಲ್ಲಬಹುದು. ಅಂಗಡಿಯಲ್ಲಿ ಕೊಂಡರೆ ವಾರಂಟಿ ಕಾರ್ಡಿಗೆ ಆಗಲೇ ಸೀಲು, ತಾರೀಖು ಹಾಕಿಸಿಕೊಳ್ಳಿ. ಉಡುಗೊರೆ ಕೊಡುವಾಗ ಬಿಲ್ಲಿನ ಒಂದು ಪ್ರತಿಯನ್ನೂ ಡಬ್ಬಿಯಲ್ಲಿಡುವ ರೂಢಿ ಒಳ್ಳೆಯದು, ಮುಜುಗರ ಪಡುವಂಥದ್ದೇನಿಲ್ಲ.

ಫೋಟೊಗಳು: ಇಡೀ ಪೆನ್ನು, ನಿಬ್ಬು ಮೇಲಿನಿಂದ, ಪಕ್ಕದಿಂದ, ಎದುರಿನಿಂದ, ದೋಷದ ಜಾಗ, ಕ್ರಮಸಂಖ್ಯೆ ಇದ್ದರೆ ಅದು. ಮಾಂಬ್ಲಾಂ ಪೆನ್ನಿನಲ್ಲಿ ಕ್ರಮಸಂಖ್ಯೆ ಕ್ಲಿಪ್ಪಿನ ಉಂಗುರದ ಮೇಲಿರುತ್ತದೆ. ಜೊತೆಗೆ ಒಂದು ಹಾಳೆಯಲ್ಲಿ ಹತ್ತು ಸಾಲು ಬರೆದು, ಸಾಲಾಗಿ ಎಂಟರ ಅಂಕಿ ತಿದ್ದಿ, ಇಂಕು ತಪ್ಪಿದ ಜಾಗಗಳನ್ನು ಪೆನ್ಸಿಲಿನಲ್ಲಿ ಸುತ್ತಿ. ಇಂಕು, ಕಾಗದ, ನಿಬ್ಬಿನ ಅಳತೆ, ತಾರೀಖನ್ನು ಅದೇ ಹಾಳೆಯಲ್ಲಿ ಬರೆಯಿರಿ. ಈ ಹಾಳೆ ದೊಡ್ಡ ದೂರುಪತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಮೊದಲು ಕೊಂಡ ಅಂಗಡಿಗೇ ಹೋಗಿ. ಬೆಂಗಳೂರಿನಲ್ಲೇ ಹುಟ್ಟಿ, 2022ರಲ್ಲಿ ಶೇಫರ್ ಬ್ರಾಂಡನ್ನೇ ಕೊಂಡ ವಿಲಿಯಂ ಪೆನ್‌ನಂಥ ಮಳಿಗೆಗಳು ಹಲವು ಬ್ರಾಂಡುಗಳನ್ನು ಮಾರುತ್ತವೆ. ಯಾರ ಕೈಗೆ ಕೊಟ್ಟರೂ ಜಾಬ್ ಶೀಟ್, ಅಂದರೆ ರಿಪೇರಿಗೆ ಪಡೆದದ್ದಕ್ಕೆ ಕೊಡುವ ವಿವರದ ರಸೀದಿ, ಇಲ್ಲದೆ ಬಿಟ್ಟುಬರಬೇಡಿ. ಅದರಲ್ಲಿ ನಿಬ್ಬಿನ ಅಳತೆ, ಚಿನ್ನವೋ ಸ್ಟೀಲೋ, ಕನ್ವರ್ಟರ್ ಕೊಟ್ಟಿದ್ದೀರೋ ಇಲ್ಲವೋ, ಮೈಮೇಲೆ ಈಗಾಗಲೇ ಇರುವ ಗೀರುಗಳು, ನೀವು ಹೇಳಿದ ದೋಷ ಇಷ್ಟೂ ಇರಬೇಕು. ‘ಪೆನ್ನು – 1’ ಎಂದು ಬರೆದ ಚೀಟಿಯಿಂದ ಉಪಯೋಗವಿಲ್ಲ. ಹಣ ತಗಲುವುದಾದರೆ ಕೆಲಸ ಶುರು ಮಾಡುವ ಮುಂಚೆ ಲಿಖಿತವಾಗಿ ತಿಳಿಸಬೇಕು ಎಂದೂ ಬರೆಸಿ.

ಕಳಿಸುವುದು

ಪೆನ್ನು ಪೂರ್ತಿ ಖಾಲಿ, ಪೂರ್ತಿ ಒಣ. ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಬಲ್ ರ‍್ಯಾಪ್ ಸುತ್ತಿ, ನೀರಿನ ಪೈಪಿನ ಪಿವಿಸಿ ತುಂಡಿನೊಳಗೆ ಇಡಿ. ಒಂದೂವರೆ ಇಂಚು ಅಗಲ, 18 ಸೆಂ.ಮೀ. ಉದ್ದದ ತುಂಡು ಹೆಚ್ಚಿನ ಪೆನ್ನುಗಳಿಗೆ ಸಾಕು. ಎರಡೂ ಬಾಯಿಗೆ ಟಿಶ್ಯೂ ತುರುಕಿ ಟೇಪು ಹಚ್ಚಿ. ಇದನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಸುತ್ತಲೂ ಐದು ಸೆಂ.ಮೀ. ಕಾಗದ ತುಂಬಿ. ಕುಲುಕಿದರೆ ಸದ್ದಾಗಬಾರದು. ಕಂಪನಿಯ ಚಂದದ ಡಬ್ಬಿ, ಇಂಕಿನ ಬಾಟಲಿ, ಮೂಲ ಬಿಲ್ಲು ಕಳಿಸಬೇಡಿ. ಬಿಲ್ಲಿನ ಪ್ರತಿ ಸಾಕು. ಬೆಲೆಯನ್ನು ಕಡಿಮೆ ಬರೆದರೆ ಕಳೆದಾಗ ಸಿಗುವುದೂ ಅಷ್ಟೇ, ಇನ್ಶೂರೆನ್ಸನ್ನು ಕೇಳಿ ಮಾಡಿಸಿ. ‘ರಿಪೇರಿಗಾಗಿ, ಮಾರಾಟಕ್ಕಲ್ಲ’ ಎಂಬ ಸಹಿ ಮಾಡಿದ ಪತ್ರ ಡಬ್ಬಿಯೊಳಗೊಂದು, ಹೊರಗೊಂದು ಇರಲಿ.

ವಿದೇಶಕ್ಕೆ ಕಳಿಸುವುದು ಕೊನೆಯ ದಾರಿ. ರಿಪೇರಿಗೆ ಹೋಗಿ ಬಂದ ವಸ್ತುವಿಗೆ ನಮ್ಮ ಕಸ್ಟಮ್ಸ್ ಪೂರ್ತಿ ಬೆಲೆಯ ಮೇಲೆ ಸುಂಕ ಹಾಕದೆ, ರಿಪೇರಿಯ ನ್ಯಾಯವಾದ ವೆಚ್ಚ, ಹೋಗಿಬರುವ ಸಾಗಣೆ, ಇನ್ಶೂರೆನ್ಸು ಇವುಗಳ ಮೇಲೆ ಮಾತ್ರ ಲೆಕ್ಕ ಹಾಕುವ ರಿಯಾಯಿತಿ ಇದೆ. ಕಂಪನಿ ಉಚಿತವಾಗಿ ಮಾಡಿಕೊಟ್ಟಿದ್ದರೂ ಆ ವೆಚ್ಚ ಲೆಕ್ಕಕ್ಕೆ ಬರುತ್ತದೆ. ಹೋಗುವಾಗಲೇ ರಿಪೇರಿಗೆ ಎಂದು ದಾಖಲಾಗಿರದಿದ್ದರೆ ಬರುವಾಗ ಹೊಸ ಪೆನ್ನಿನ ಸುಂಕ ಕೇಳಿದರೆ ವಾದಿಸುವುದು ಕಷ್ಟ. ಅಮೆರಿಕದಿಂದಲೋ ಜಪಾನಿನಿಂದಲೋ ಮನೆಯವರು ತಂದುಕೊಟ್ಟ ಪೆನ್ನಾದರೆ, ಅವರು ಮತ್ತೆ ಹೋಗುವಾಗ ಕೈಯಲ್ಲೇ ಕೊಟ್ಟು ಅಲ್ಲಿನ ಸರ್ವಿಸ್ ಸೆಂಟರಿಗೆ ಕಳಿಸುವುದು ಉತ್ತಮ. ಬಿಲ್ಲು ಅವರ ಹೆಸರಿನಲ್ಲೇ ಇರುತ್ತದೆ.

ರಾಜಮಂಡ್ರಿಯ ರತ್ನಂ, ತಿರುವಳ್ಳೂರಿನ ರಂಗ ಮುಂತಾದವರು ಕೈಯಲ್ಲಿ ಕಡೆದ ಎಬೊನೈಟ್ ಪೆನ್ನಾದರೆ ನೇರ ತಯಾರಕರಿಗೇ ಬರೆಯಿರಿ. ಮಾಡಿದ ಕೈಗಿಂತ ಚೆನ್ನಾಗಿ ಆ ಪೆನ್ನನ್ನು ಬಲ್ಲವರಿಲ್ಲ.

ಉತ್ತರ ಬಾರದಿದ್ದರೆ

ಫೋನಿನಲ್ಲಿ ಮಾತಾಡಿದ್ದನ್ನು ಅದೇ ದಿನ ಇಮೇಲಿನಲ್ಲಿ ಬರೆದು ಕಳಿಸಿ. ಆನ್‌ಲೈನ್ ಖರೀದಿಯಾದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ನಿವಾರಣಾ ಅಧಿಕಾರಿ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗಲೂ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಅಲ್ಲಿ ಕೇಳುವುದು ನೀವು ಇಟ್ಟಿರುವ ಜಾಬ್ ಶೀಟನ್ನೂ ಫೋಟೊಗಳನ್ನೂ.

ವಾಪಸ್ ಬಂದಾಗ

ಡಬ್ಬಿ ಬಿಚ್ಚುವಾಗ ವೀಡಿಯೊ ಮಾಡಿ. ನಿಬ್ಬಿನ ಅಳತೆ ಮೊದಲಿನದೇ ಇದೆಯೇ, ಕನ್ವರ್ಟರ್ ಬಂದಿದೆಯೇ, ಕ್ರಮಸಂಖ್ಯೆ ಹೊಂದುತ್ತದೆಯೇ ನೋಡಿ. ಪೆನ್ನನ್ನೇ ಬದಲಿಸಿ ಕೊಟ್ಟಿದ್ದರೆ ಹೊಸ ಪೆನ್ನಿನ ವಾರಂಟಿ ಯಾವತ್ತಿನಿಂದ ಎಂದು ಲಿಖಿತವಾಗಿ ಕೇಳಿ. ಆಮೇಲೆ ಅದೇ ಇಂಕು, ಅದೇ ಕಾಗದದಲ್ಲಿ ಮತ್ತೆ ಹತ್ತು ಸಾಲು ಬರೆದು ಹಳೆಯ ಹಾಳೆಯ ಪಕ್ಕ ಇಟ್ಟು ಹೋಲಿಸಿ. ಒಂದೇ ಸಲ ಬರೆದು ಸಮಾಧಾನ ಪಡಬೇಡಿ, ಕ್ಯಾಪು ಹಾಕಿ ರಾತ್ರಿ ಬಿಟ್ಟು ಬೆಳಗ್ಗೆಯೂ ಬರೆದು ನೋಡಿ. ಒಣಗುವ ದೋಷ ಇದ್ದರೆ ಆಗಲೇ ಗೊತ್ತಾಗುವುದು. ಅದೇ ದೋಷ ಉಳಿದಿದ್ದರೆ ಎರಡು ಹಾಳೆಗಳ ಫೋಟೊ ಸೇರಿಸಿ, ಹಳೆಯ ಜಾಬ್ ಶೀಟಿನ ನಂಬರ್ ಹಾಕಿ, ಆ ವಾರದೊಳಗೇ ಬರೆಯಿರಿ.